ನೆಚ್ಚಿನ ಸಿನಿಮಾ ಸರಣಿ ಕೈಕೊಟ್ಟಾಗ ಏನು ಮಾಡಬೇಕು: ಒಬ್ಬ ಟರ್ಮಿನೇಟರ್ ಅಭಿಮಾನಿ ಕಲಿತದ್ದು

2019ರ ನವೆಂಬರ್ ಮೊದಲ ವಾರ. ರಾತ್ರಿ ಆಟ ಬಿಟ್ಟಿತ್ತು. ನಾವು ಮೂವರು ಗೆಳೆಯರು ನಡೆದುಕೊಂಡು ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿಗೆ ಬಂದರೆ ಗೇಟ್ ಹಾಕಿತ್ತು. ಆ ಗೇಟ್ ಹಾಕಿದರೆ ಎಷ್ಟು ಹೊತ್ತು ನಿಲ್ಲಬೇಕು ಅಂತ ದಾವಣಗೆರೆಯವರಿಗೆ ಗೊತ್ತು. ಬೇರೆ ದಿನವಾಗಿದ್ದರೆ ಅಷ್ಟೊತ್ತಿಗೆ ಯಾವ ಫೈಟು ಚೆನ್ನಾಗಿತ್ತು, ಆರ್ನಾಲ್ಡ್ ಎಂಟ್ರಿ ಹೇಗಿತ್ತು ಅಂತ ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು. ಅವತ್ತು ಯಾರೂ ಬಾಯಿ ಬಿಡಲಿಲ್ಲ. ಗೂಡ್ಸ್ ರೈಲು ಪೂರ್ತಿ ದಾಟಿ ಹೋದ ಮೇಲೆ ಒಬ್ಬ ಕೇಳಿದ, "ಅಲ್ಲಪಾ, ಆ ಹುಡುಗನ್ನ ಹಂಗ್ ಸಾಯಿಸ್ತಾರೇನು?"

ನಾವು ನೋಡಿ ಬಂದಿದ್ದು ಟರ್ಮಿನೇಟರ್ ಸರಣಿಯ ಆರನೇ ಸಿನಿಮಾ, ಡಾರ್ಕ್ ಫೇಟ್. ಆ ಹುಡುಗ ಅಂದರೆ ಜಾನ್ ಕಾನರ್. ಮನುಷ್ಯರನ್ನು ನಾಶ ಮಾಡಲು ಹೊರಡುವ ಯಂತ್ರಗಳ ವಿರುದ್ಧ ಮುಂದೊಂದು ದಿನ ಜನರನ್ನು ಮುನ್ನಡೆಸುವವನು ಇವನೇ, ಅದಕ್ಕೇ ಇವನನ್ನು ಮೊದಲೇ ಮುಗಿಸಲು ಆ ಯಂತ್ರಗಳು ಭವಿಷ್ಯದಿಂದ ಕೊಲೆಗಾರ ಯಂತ್ರವನ್ನು ಕಳಿಸುತ್ತವೆ. 1991ರ ಎರಡನೇ ಭಾಗದಲ್ಲಿ ಅವನನ್ನು ಉಳಿಸಲು ಅವನ ತಾಯಿ ಸಾರಾ ಮತ್ತು ಆರ್ನಾಲ್ಡ್ ನಟಿಸಿರುವ ಕಾವಲು ಯಂತ್ರ ಎರಡೂಕಾಲು ಗಂಟೆ ಒದ್ದಾಡುತ್ತಾರೆ, ಕೊನೆಗೆ ಆ ಯಂತ್ರ ಕಾದು ಕರಗಿದ ಕಬ್ಬಿಣಕ್ಕೆ ಇಳಿದು ಕರಗಿಹೋಗುತ್ತದೆ. ಅದೇ ಹುಡುಗನನ್ನು ಈ ಸಿನಿಮಾ ಶುರುವಾದ ಕೆಲವೇ ನಿಮಿಷಗಳಲ್ಲಿ ಗುಂಡು ಹೊಡೆದು ಮುಗಿಸುತ್ತದೆ. ಅದಾದ ಮೇಲೆ ಪರದೆಯ ಮೇಲೆ ಏನು ನಡೆದರೂ ನನಗೆ ಮನಸ್ಸು ಹತ್ತಲಿಲ್ಲ.

ಇಂಥ ರಾತ್ರಿ ನಿಮಗೂ ಬಂದಿರುತ್ತದೆ. ಸರಣಿ ಬೇರೆ ಇರಬಹುದು, ನೋವು ಇದೇ. ಆಮೇಲೆ ಏನು ಮಾಡಬೇಕು, ಏನು ಮಾಡಬಾರದು ಅಂತ ನಾನು ಕೆಲವು ವರ್ಷಗಳಲ್ಲಿ ತಪ್ಪು ಮಾಡಿ ಮಾಡಿ ಕಲಿತಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳೂ ಬರುತ್ತವೆ, ಇನ್ನೂ ನೋಡದವರು ನೋಡಿ ಬಂದು ಓದಿ.

ಮೊದಲ ಕೆಲಸ ಬಹಳ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಅವತ್ತು ರಾತ್ರಿ ಎಲ್ಲೂ ಏನೂ ಬರೆಯಬೇಡಿ. ಫೋನ್ ಪಕ್ಕಕ್ಕಿಡಿ. ಊಟ ಮಾಡಿ ಮಲಗಿ. ಬೆಳಿಗ್ಗೆ ಎದ್ದು ಒಂದು ಕಾಗದದ ಮೇಲೆ ನಿಮ್ಮ ನೋವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. "ಕಥೆ ಚೆನ್ನಾಗಿಲ್ಲ", "ಹಾಳು ಮಾಡಿಬಿಟ್ಟರು" ಅಂತ ಬರೆದರೆ ಆಗಲಿಲ್ಲ, ಹರಿದು ಇನ್ನೊಂದು ಸಲ ಬರೆಯಿರಿ. ಯಾವ ದೃಶ್ಯ, ಅದು ನಿಮ್ಮಿಂದ ಏನು ಕಿತ್ತುಕೊಂಡಿತು, ಇಷ್ಟು ಆ ವಾಕ್ಯದಲ್ಲಿ ಇರಬೇಕು. ನನಗೆ ಆ ವಾಕ್ಯ ಸಿಗುವುದಕ್ಕೆ ನಾಲ್ಕು ದಿನ ಬೇಕಾಯಿತು. ಯಾಕೆ ಅಷ್ಟು ದಿನ ಅಂದರೆ, ನಾನು ಆ ಸಿನಿಮಾವನ್ನು ಯಾಕೆ ಪ್ರೀತಿಸಿದ್ದೆ ಅನ್ನುವುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಎರಡನೇ ಭಾಗವನ್ನು ನಾನು ಮೊದಲು ನೋಡಿದ್ದು ಗಣೇಶನ ಹಬ್ಬದ ಒಂದು ರಾತ್ರಿ, ಬಾಡಿಗೆ ವಿಸಿಪಿಯಲ್ಲಿ, ಅಂದರೆ ವಿಡಿಯೋ ಕ್ಯಾಸೆಟ್ ಪ್ಲೇಯರ್‌ನಲ್ಲಿ. ನಮ್ಮ ಓಣಿಯಲ್ಲಿ ಚಂದಾ ಎತ್ತಿ ವಿಸಿಪಿ, ಟಿವಿ ಮತ್ತು ನಾಲ್ಕು ಕ್ಯಾಸೆಟ್ ತರುತ್ತಿದ್ದರು. ಬೆಳಗಾಗುವುದರೊಳಗೆ ನಾಲ್ಕನ್ನೂ ನೋಡಿ ಮುಗಿಸಬೇಕು. ಗರಡಿ ಮನೆಗೆ ಹೋಗುವ ಅಣ್ಣಂದಿರ ಹಟಕ್ಕೆ ಮೂರು ಅಣ್ಣಾವ್ರ ಸಿನಿಮಾದ ಜೊತೆ ಒಂದು ಆರ್ನಾಲ್ಡ್ ಸಿನಿಮಾ ಬಂದಿತ್ತು. ಇಂಗ್ಲಿಷ್ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಒಂದು ದೃಶ್ಯ ಪೂರ್ತಿ ಅರ್ಥವಾಯಿತು. ಹುಡುಗ ಆ ಯಂತ್ರಕ್ಕೆ ಕೈಗೆ ಕೈ ತಟ್ಟುವುದನ್ನು ಕಲಿಸುತ್ತಾನೆ, ಅಮ್ಮ ದೂರದಲ್ಲಿ ಕೂತು ನೋಡುತ್ತಾಳೆ. ಈ ಯಂತ್ರ ಕುಡಿದು ಬಂದು ಹೊಡೆಯುವುದಿಲ್ಲ, ಪುರುಸೊತ್ತಿಲ್ಲ ಅನ್ನುವುದಿಲ್ಲ, ಇವನನ್ನು ಬಿಟ್ಟು ಹೋಗುವುದಿಲ್ಲ ಅಂತ ಅವಳಿಗೆ ಅನ್ನಿಸುತ್ತದೆ. ನಮ್ಮಪ್ಪ ಆಗ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ನಾನು ಏಳುವ ಹೊತ್ತಿಗೆ ಅವರು ಮಲಗಿರುತ್ತಿದ್ದರು, ನಾನು ಮಲಗುವ ಹೊತ್ತಿಗೆ ಅವರು ಮಿಲ್ಲಿಗೆ ಹೋಗಿರುತ್ತಿದ್ದರು. ಯಂತ್ರವೊಂದು ಮನೆಯಲ್ಲೇ ಇದ್ದು ಹುಡುಗನನ್ನು ಕಾಯುತ್ತದೆ ಅನ್ನುವ ಕಥೆ ಮಿಲ್ ಕಾರ್ಮಿಕನ ಮಗನಿಗೆ ಎಷ್ಟು ತಟ್ಟಿರಬಹುದು ಅಂತ ನೀವೇ ಯೋಚಿಸಿ.

ಕೊನೆಗೆ ನನ್ನ ಕಾಗದದ ಮೇಲೆ ಬಂದ ವಾಕ್ಯ ಇದು: "ಆ ಯಂತ್ರ ತಾನು ಕರಗಿ ಉಳಿಸಿದ ಹುಡುಗನನ್ನು ಇವರು ಕೊಂದರು, ಅದು ಕರಗಿದ್ದೂ ಸುಳ್ಳಾಯಿತು."

ಇದನ್ನು ಬರೆದ ಮೇಲೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಸ್ಪಷ್ಟವಾಯಿತು.

ಆ ವಾಕ್ಯ ಕೈಯಲ್ಲಿದ್ದರೆ ಮುಂದಿನ ಕೆಲಸ ಮಾಡಬಹುದು. ನಿಮ್ಮ ಬೇಸರ ಯಾವ ಜಾತಿಯದು ಅಂತ ನೋಡಿ. ಸಿನಿಮಾ ಸುಮ್ನೆ ಕೆಟ್ಟದಾಗಿ ಬಂದಿದೆ ಅನ್ನುವುದು ಒಂದು, ಅದು ಎಲ್ಲ ಸಿನಿಮಾಕ್ಕೂ ಆಗುತ್ತದೆ, ಮರೆತುಬಿಡಿ. ನಾನು ಅಂದುಕೊಂಡ ಹಾಗೆ ಬಂದಿಲ್ಲ ಅನ್ನುವುದು ಇನ್ನೊಂದು. ಇದು ಸ್ವಲ್ಪ ಮೋಸದ ಬೇಸರ, ಎಚ್ಚರವಾಗಿರಬೇಕು.

ಇದಕ್ಕೆ ನಮ್ಮ ಪಕ್ಕದ ಚಿತ್ರದುರ್ಗದ್ದೇ ಉದಾಹರಣೆ ಇದೆ. 1972ರ ನಾಗರಹಾವು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು, ಅಂದರೆ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಇವನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ಮೂರು ಪುಸ್ತಕ ಒಂದು ಸಿನಿಮಾಕ್ಕೆ ಇಳಿದಾಗ ಎಷ್ಟೋ ಬಿಟ್ಟುಹೋಗಲೇಬೇಕು. ತ.ರಾ.ಸು. ಅವರಿಗೆ ಆ ಬದಲಾವಣೆ ಹಿಡಿಸಲಿಲ್ಲ, ನಾಗರಹಾವನ್ನು ಕೆರೆಹಾವು ಮಾಡಿಬಿಟ್ಟರು ಅಂತ ಅವರು ಹೇಳಿದ ಮಾತು ನಮ್ಮ ಕಡೆ ಇವತ್ತಿಗೂ ಓಡಾಡುತ್ತದೆ. ಹೆತ್ತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ರಾಮಾಚಾರಿ, ಚಾಮಯ್ಯ ಮೇಷ್ಟ್ರು ನಮ್ಮ ಜನರ ಮನೆಯವರೇ ಆಗಿಬಿಟ್ಟರು. 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆಯಾದಾಗಲೂ ಜನ ಹೋಗಿ ನೋಡಿದರು. ಇವತ್ತಿಗೂ ದುರ್ಗದ ಕೋಟೆಯಲ್ಲಿ ಯಾರಾದರೂ ಬಂಡೆ ತೋರಿಸಿ ರಾಮಾಚಾರಿಯ ಮಾತು ಎತ್ತದೆ ಇರುವುದಿಲ್ಲ. ಕಾದಂಬರಿ ಓದಿದ ನನ್ನ ಚಿಕ್ಕಪ್ಪನಿಗೆ ಸಿನಿಮಾ ಇಷ್ಟವಿಲ್ಲ, ಸಿನಿಮಾ ನೋಡಿದ ಚಿಕ್ಕಮ್ಮನಿಗೆ ಕಾದಂಬರಿ ಬೇಡ. ಇಬ್ಬರೂ ಸರಿ. ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಹಾಳಾಯಿತು ಅನ್ನಬಾರದು.

ಮೂರನೇ ಜಾತಿಯ ಬೇಸರವೇ ನಿಜವಾದದ್ದು. ಹಳೆಯ ಸಿನಿಮಾ ನಮಗೆ ಒಂದು ಕೊಟ್ಟಿತ್ತು, ಹೊಸದು ಅದನ್ನು ವಾಪಸ್ ಕಿತ್ತುಕೊಂಡಿತು. ಎರಡನೇ ಭಾಗದ ಕೊನೆಯಲ್ಲಿ ಮುಂದಿನ ದಾರಿ ಗೊತ್ತಿಲ್ಲ, ಆದರೆ ಅದು ನಮ್ಮ ಕೈಯಲ್ಲಿದೆ ಅನ್ನುವ ಧೈರ್ಯ ಸಿಕ್ಕಿತ್ತು. 2003ರ ಮೂರನೇ ಭಾಗ ಬಂದು, ಇಲ್ಲ, ಯಂತ್ರಗಳಿಂದ ಆಗುವ ಆ ವಿನಾಶ ತಪ್ಪುವುದೇ ಇಲ್ಲ, ಸ್ವಲ್ಪ ಮುಂದಕ್ಕೆ ಹೋಗಿತ್ತಷ್ಟೇ ಅಂದಿತು. 2015ರ ಐದನೇ ಭಾಗ ಜೆನಿಸಿಸ್ ಕಾಲವನ್ನೇ ತಿರುಚಿ ಜಾನ್‌ನನ್ನೇ ಯಂತ್ರ ಮಾಡಿತು. 2019ರದ್ದು ಮೂರರಿಂದ ಐದರವರೆಗಿನ ಸಿನಿಮಾಗಳು ನಡೆದೇ ಇಲ್ಲ ಅಂದುಕೊಂಡು ಶುರುವಾಗಿ ಅವನನ್ನು ಕೊಂದಿತು. ಪ್ರತಿ ಸಲವೂ ಅದೇ ಗೆಲುವನ್ನು ನಮ್ಮಿಂದ ಕಸಿದು, ಅದೇ ಗೆಲುವನ್ನು ಮತ್ತೆ ಟಿಕೆಟ್ ಕೊಟ್ಟು ಕೊಳ್ಳಿ ಅಂದರು. ನಿಮ್ಮ ಬೇಸರ ಈ ಜಾತಿಯದಾದರೆ ಅದನ್ನು ನುಂಗಿಕೊಳ್ಳಬೇಡಿ.

ಈಗ ಸಿಟ್ಟು ಯಾರ ಮೇಲೆ? ಇಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ನಾವು "ಸ್ಟುಡಿಯೋದವರು" ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ, ಯಾರೋ ಒಬ್ಬ ಸಾಹುಕಾರ ಕೂತು ಎಲ್ಲ ಹಾಳು ಮಾಡಿದ ಹಾಗೆ. ಸರಣಿಯ ಹಕ್ಕು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಒಂದು ಸಂಜೆ ಕೂತು ಹುಡುಕಿ ಬರೆದುಕೊಳ್ಳಿ. ಇದು ಎಲ್ಲ ಸರಣಿಗೂ ಮಾಡಬಹುದಾದ ಕೆಲಸ. ನಾನು ಮಾಡಿದಾಗ ಸಿಕ್ಕ ಟರ್ಮಿನೇಟರ್ ವಂಶಾವಳಿ ಹೀಗಿದೆ.

ಜೇಮ್ಸ್ ಕ್ಯಾಮರಾನ್ ಆಗ ಹೆಸರಿಲ್ಲದ ಹುಡುಗ. ನಾನೇ ನಿರ್ದೇಶನ ಮಾಡಬೇಕು ಅನ್ನುವ ಒಂದೇ ಷರತ್ತಿಗೆ ಕಥೆಯ ಹಕ್ಕನ್ನು ನಿರ್ಮಾಪಕಿ ಗೇಲ್ ಆನ್ ಹರ್ಡ್ ಅವರಿಗೆ 1 ಡಾಲರ್‌ಗೆ ಮಾರಿದರು. 1984ರ ಮೊದಲ ಸಿನಿಮಾಕ್ಕೆ ಖರ್ಚಾಗಿದ್ದು ಸುಮಾರು 64 ಲಕ್ಷ ಡಾಲರ್. ಎರಡನೇ ಭಾಗವನ್ನು ಕರೋಲ್ಕೋ ಅನ್ನುವ ಕಂಪನಿ ಸುಮಾರು 10 ಕೋಟಿ ಡಾಲರ್ ಸುರಿದು ಮಾಡಿತು, ದುಡ್ಡೂ ಬಂತು, 4 ಆಸ್ಕರ್ ಕೂಡ ಬಂತು. ಆದರೂ ಕರೋಲ್ಕೋ 1995ರಲ್ಲಿ ದಿವಾಳಿಯಾಯಿತು. ಆ ಕಂಪನಿಯನ್ನು ಕಟ್ಟಿದ್ದ ಮಾರಿಯೋ ಕಸ್ಸಾರ್ ಮತ್ತು ಆಂಡ್ರ್ಯೂ ವಾಜ್ನಾ ಮತ್ತೆ ಹಕ್ಕು ಹಿಡಿದು ಮೂರನೇದನ್ನು ಮಾಡಿದರು. 2007ರಲ್ಲಿ ಹಕ್ಕು ಹಾಲ್ಸಿಯನ್ ಅನ್ನುವ ಕಂಪನಿಗೆ ಹೋಯಿತು. ಅವರು 2009ರಲ್ಲಿ ನಾಲ್ಕನೇ ಭಾಗ ಸಾಲ್ವೇಷನ್ ತೆಗೆದರು, ಅದೇ ವರ್ಷ ಅವರೂ ದಿವಾಳಿ. 2010ರ ಹರಾಜಿನಲ್ಲಿ ಪೆಸಿಫಿಕಾರ್ ಅನ್ನುವ ಹಣಕಾಸಿನ ಸಂಸ್ಥೆ 2 ಕೋಟಿ 95 ಲಕ್ಷ ಡಾಲರ್‌ಗೆ ಹಕ್ಕು ಕೊಂಡಿತು. 2011ರಲ್ಲಿ ಮೇಗನ್ ಎಲಿಸನ್ ಅವರ ಅನ್ನಪೂರ್ಣ ಕಂಪನಿ. ಆಮೇಲೆ ಅವರ ಅಣ್ಣ ಡೇವಿಡ್ ಎಲಿಸನ್ ಅವರ ಸ್ಕೈಡ್ಯಾನ್ಸ್ ಕೈಯಲ್ಲಿ ಜೆನಿಸಿಸ್ ಮತ್ತು ಡಾರ್ಕ್ ಫೇಟ್.

ಇದನ್ನು ನೋಡಿದರೆ ಏನು ಕಾಣುತ್ತದೆ? ಬಾಡಿಗೆ ಮನೆ. ಬಂದ ಬಂದವರು ಹಳಬರ ಸುಣ್ಣ ಕೆರೆದು ತಮ್ಮ ಬಣ್ಣ ಬಳಿದರು. ಹಿಂದಿನವರು ಕಟ್ಟಿದ್ದನ್ನು ಮುಂದುವರಿಸುವ ಹೊಣೆ ಯಾರಿಗೂ ಇರಲಿಲ್ಲ. ನಾಲ್ಕು, ಐದು, ಆರು, ಮೂರೂ ಸಿನಿಮಾಗಳು ಹೊಸ ಮೂರು ಭಾಗಗಳ ಕಥೆಯ ಮೊದಲ ಭಾಗ ಅಂತಲೇ ಹೊರಟವು, ಒಂದಕ್ಕೂ ಎರಡನೇ ಭಾಗ ಬರಲಿಲ್ಲ. ಬಾಗಿಲು ತೆರೆದು ಒಳಗೆ ಕರೆದು ದೀಪ ಆರಿಸಿ ಹೋದ ಹಾಗೆ. ಮುಂದೆ ಯಾವುದೇ ಸರಣಿಗೆ ಮನಸ್ಸು ಕೊಡುವ ಮುಂಚೆ ಹಕ್ಕು ಎಷ್ಟು ಕೈ ಬದಲಾಯಿಸಿದೆ ಅಂತ ನಾನು ನೋಡುತ್ತೇನೆ. ಕೈ ಜಾಸ್ತಿಯಾದಷ್ಟೂ ನಿರೀಕ್ಷೆ ಕಮ್ಮಿ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಸಣ್ಣ ಉಪಾಯ ಹೇಳುತ್ತೇನೆ, ಇದನ್ನು ಪೋಸ್ಟರ್‌ನ ಕೆಳಗಿನ ಸಣ್ಣ ಅಕ್ಷರಗಳಲ್ಲೇ ನೋಡಬಹುದು. ಬರವಣಿಗೆಯ ಹೆಸರುಗಳನ್ನು ಎಣಿಸಿ. ಎರಡನೇ ಭಾಗ ಬರೆದವರು ಇಬ್ಬರು, ಕ್ಯಾಮರಾನ್ ಮತ್ತು ವಿಲಿಯಂ ವಿಷರ್. ಡಾರ್ಕ್ ಫೇಟ್‌ಗೆ ಕಥೆಗೇ ಐದು ಹೆಸರು, ಚಿತ್ರಕಥೆಗೆ ಮೂರು. ಹಾಲಿವುಡ್‌ನಲ್ಲಿ ಈ ಹೆಸರು ಹಾಕುವುದಕ್ಕೂ ಬರಹಗಾರರ ಸಂಘದ ನಿಯಮವಿದೆ. ಎರಡು ಹೆಸರಿನ ನಡುವೆ "&" ಗುರುತು ಇದ್ದರೆ ಇಬ್ಬರೂ ಜೊತೆಗೆ ಕೂತು ಬರೆದಿದ್ದಾರೆ ಅಂತ ಅರ್ಥ. ಗುರುತಿನ ಬದಲು "ಆ್ಯಂಡ್" ಅಂತ ಪೂರ್ತಿ ಪದವೇ ಇದ್ದರೆ ಬೇರೆ ಬೇರೆಯಾಗಿ, ಬಹಳ ಸಲ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದ್ದಾರೆ ಅಂತ. ಹೆಸರು ಜಾಸ್ತಿ ಇದ್ದ ಮಾತ್ರಕ್ಕೆ ಸಿನಿಮಾ ಕೆಟ್ಟದು ಅನ್ನಲಾಗದು. ಆದರೆ ಕಥೆ ಎಷ್ಟು ಒಲೆಯ ಮೇಲೆ ಕುದಿದಿದೆ ಅಂತ ಗೊತ್ತಾಗುತ್ತದೆ.

ಟ್ರೇಲರ್ ವಿಷಯವೂ ಹೀಗೇ. ಜಾನ್ ಯಂತ್ರವಾಗುವುದು ಜೆನಿಸಿಸ್‌ನ ದೊಡ್ಡ ಗುಟ್ಟು. ಅದನ್ನು ಟ್ರೇಲರ್‌ನಲ್ಲೇ ತೋರಿಸಿಬಿಟ್ಟರು. ನಿರ್ದೇಶಕ ಅಲನ್ ಟೇಲರ್‌ಗೇ ಅದು ಬೇಸರವಾಗಿತ್ತು. ಟ್ರೇಲರ್ ಕತ್ತರಿಸುವವರು ಬೇರೆ, ಸಿನಿಮಾ ಮಾಡುವವರು ಬೇರೆ. ಅದಕ್ಕೇ ಮೊದಲ ಟೀಸರ್ ಒಂದು ನೋಡಿ ಸಾಕು ಮಾಡಿ.

ನಟರನ್ನು ಮಾತ್ರ ಬೈಯಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಸ್ಟಾರ್ ವಾರ್ಸ್ ಅಭಿಮಾನಿಗಳಲ್ಲಿ ಕೆಲವರು 2017ರ ಸಿನಿಮಾ ಇಷ್ಟವಾಗಲಿಲ್ಲ ಅಂತ ಕೆಲಿ ಮೇರಿ ಟ್ರಾನ್ ಅನ್ನುವ ನಟಿಯ ಬಣ್ಣ, ಮೈಕಟ್ಟು, ಜನಾಂಗ ಎಲ್ಲವನ್ನೂ ಹಿಡಿದು ಬೈದರು. 2018ರಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಅದಕ್ಕೂ ಮುಂಚೆ, 1999ರಲ್ಲಿ ಅದೇ ಸರಣಿಯ ಜಾರ್ ಜಾರ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಜನರ ತಿರಸ್ಕಾರಕ್ಕೆ ಸಾಯಬೇಕು ಅನ್ನುವಷ್ಟು ಕುಗ್ಗಿದ್ದರು, ಸುಮಾರು 20 ವರ್ಷದ ನಂತರ ಅವರೇ ಅದನ್ನು ಹೇಳಿಕೊಂಡರು. ಕಥೆ ಬರೆದವರು ಅವರಲ್ಲ, ಹಕ್ಕು ಕೊಂಡವರು ಅವರಲ್ಲ. ಕೊಟ್ಟ ಮಾತನ್ನು ಆಡಿದರು ಅಷ್ಟೇ. ಹುಡುಗರು ತಮಾಷೆಗೆ ಮಾಡುತ್ತಾರೆ ಅಂತ ನಿಮ್ಮ ಗುಂಪಿನಲ್ಲಿ ಇಂಥದ್ದನ್ನು ಬಿಟ್ಟುಕೊಡಬೇಡಿ, ಅಲ್ಲೇ ತಡೆಯಿರಿ.

ಸರಿ, ಸಿಟ್ಟನ್ನು ಸ್ಟುಡಿಯೋಗೆ ಮುಟ್ಟಿಸುವುದು ಹೇಗೆ? ಒಂದೇ ಗಟ್ಟಿ ದಾರಿ ಇದೆ, ಟಿಕೆಟ್. ಅದರಲ್ಲೂ ಶುಕ್ರವಾರ, ಶನಿವಾರ, ಭಾನುವಾರದ ಟಿಕೆಟ್. ಮೊದಲ ವಾರಾಂತ್ಯದ ಲೆಕ್ಕ ನೋಡಿಯೇ ಅವರು ಮುಂದಿನದನ್ನು ತೀರ್ಮಾನಿಸುತ್ತಾರೆ. ನೀವು ಮೊದಲ ದಿನವೇ ಹೋಗಿ ನೋಡಿ ಹೊರಗೆ ಬಂದು ಎಷ್ಟು ಬೈದರೂ ಅವರ ಪುಸ್ತಕದಲ್ಲಿ ಅದು ಒಂದು ಮೆಚ್ಚುಗೆಯ ಓಟು. ಜೆನಿಸಿಸ್ ಅಮೆರಿಕದಲ್ಲಿ ಗಳಿಸಿದ್ದು 9 ಕೋಟಿ ಡಾಲರ್ ಒಳಗೆ, ಚೀನಾ ಒಂದರಲ್ಲೇ 11 ಕೋಟಿಗೂ ಜಾಸ್ತಿ, ಪ್ರಪಂಚದಾದ್ಯಂತ ಸುಮಾರು 44 ಕೋಟಿ. ಆದರೂ ತಾಯ್ನಾಡಿನ ಜನ ಕೈಬಿಟ್ಟರು ಅಂತ ಅದರ ಮುಂದಿನ ಎರಡು ಭಾಗಗಳನ್ನು ರದ್ದು ಮಾಡಿದರು. ಡಾರ್ಕ್ ಫೇಟ್ ಸುಮಾರು 26 ಕೋಟಿಗೆ ನಿಂತಿತು, ಅದರ ಮುಂದಿನ ಭಾಗಗಳ ಮಾತೂ ಅಲ್ಲಿಗೇ ನಿಂತಿತು. ಜನ ಹೋಗದೆ ಇದ್ದದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಆದರೆ ನಮ್ಮಂಥ ಊರಿನಲ್ಲಿ ಒಂದು ತೊಂದರೆ ಇದೆ. ಬೆಂಗಳೂರಿನವರು ಎರಡು ವಾರ ಕಾದು ನೋಡಬಹುದು. ಇಲ್ಲಿ ಇಂಗ್ಲಿಷ್ ಸಿನಿಮಾಕ್ಕೆ ದಿನಕ್ಕೆ ಒಂದೋ ಎರಡೋ ಆಟ ಸಿಕ್ಕರೆ ಜಾಸ್ತಿ, ಮುಂದಿನ ಶುಕ್ರವಾರ ಕನ್ನಡದ್ದೋ ತೆಲುಗಿನದ್ದೋ ದೊಡ್ಡದೊಂದು ಬಂದರೆ ಅದೂ ಹೋಯಿತು. ದೊಡ್ಡ ಪರದೆ ತಪ್ಪಿದರೆ ಮತ್ತೆ ಫೋನಿನಲ್ಲೇ ನೋಡಬೇಕು. ನಾವು ಕಂಡುಕೊಂಡ ದಾರಿ ಹೀಗಿದೆ. ಗುಂಪಿನಲ್ಲಿ ಒಬ್ಬನನ್ನು ಮುಂದೆ ಕಳಿಸುತ್ತೇವೆ. ಯಾವ ಸರಣಿಯ ಮೇಲೆ ಅವನಿಗೆ ಜಾಸ್ತಿ ಮೋಹವಿಲ್ಲವೋ ಅದಕ್ಕೆ ಅವನು. ಭಾನುವಾರ ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಅವನು ಕಥೆ ಬಿಟ್ಟುಕೊಡದೆ ಎರಡೇ ಪ್ರಶ್ನೆಗೆ ಉತ್ತರ ಕೊಡಬೇಕು. ಸಿನಿಮಾ ತನ್ನಷ್ಟಕ್ಕೆ ತಾನು ನಿಲ್ಲುತ್ತದಾ? ಹಳೆಯದರಿಂದ ಏನಾದರೂ ಕಿತ್ತುಕೊಳ್ಳುತ್ತದಾ? ಆಮೇಲೆ ಮಂಗಳವಾರ ಅಥವಾ ಬುಧವಾರ ಉಳಿದವರು ಹೋಗುತ್ತೇವೆ, ಇಲ್ಲವಾದರೆ ಬಿಡುತ್ತೇವೆ. ಗುರುವಾರದವರೆಗೆ ಎಳೆಯಬೇಡಿ, ಅವತ್ತು ಸಂಜೆಗೆ ಬೇರೆ ಪೋಸ್ಟರ್ ಅಂಟಿಸಿರುತ್ತಾರೆ. ಒಂದು ಸಲ ಹೀಗೇ ಗುರುವಾರ ರಾತ್ರಿ ಹೋದಾಗ, ನಾಲ್ಕೇ ಜನ ಇದ್ದೀರಿ ಅಂತ ಒಂದು ಥಿಯೇಟರಿನವರು ಆಟವನ್ನೇ ಹಾಕದೆ ದುಡ್ಡು ವಾಪಸ್ ಕೊಟ್ಟರು.

ಸ್ಟುಡಿಯೋಗೆ ಕಾಗದ ಬರೆಯಬೇಕು ಅನ್ನಿಸಿದರೆ ಬರೆಯಿರಿ, ಆದರೆ ಸಮಯ ನೋಡಿ ಬರೆಯಿರಿ. ಸಿನಿಮಾ ಬಿಡುಗಡೆಯಾದ ಮೇಲೆ ಬರೆದದ್ದು ಬರೀ ದುಃಖ, ಮುಂಚೆ ಬರೆದದ್ದಕ್ಕೆ ಬೆಲೆ ಇದೆ. 2019ರ ಏಪ್ರಿಲ್ ಕೊನೆಯಲ್ಲಿ ಸಾನಿಕ್ ಅನ್ನುವ ವಿಡಿಯೋ ಗೇಮ್ ಸಿನಿಮಾದ ಟ್ರೇಲರ್ ಬಂತು. ಆ ನೀಲಿ ಮುಳ್ಳುಹಂದಿಗೆ ಮನುಷ್ಯರ ಹಾಗೆ ಹಲ್ಲು ಇಟ್ಟಿದ್ದರು, ನೋಡಿದವರೆಲ್ಲ ಬೇಡ ಅಂದರು. ಕೆಲವೇ ದಿನಗಳಲ್ಲಿ ನಿರ್ದೇಶಕ ಜೆಫ್ ಫೌಲರ್ ತಿದ್ದುತ್ತೇವೆ ಅಂದರು. ನವೆಂಬರ್‌ನಲ್ಲಿ ಬರಬೇಕಾದ ಸಿನಿಮಾ 2020ರ ಫೆಬ್ರವರಿಗೆ ಹೋಯಿತು, ಮುಖ ಬದಲಾಗಿ ಬಂತು, ಚೆನ್ನಾಗಿ ಓಡಿತು. ಇಷ್ಟು ಕೆಲಸ ಆಗಿದ್ದಕ್ಕೆ ಕಾರಣ, ಜನ ಹೇಳಿದ್ದು ತಿದ್ದಬಹುದಾದ ಒಂದೇ ವಿಷಯ. ಇದಕ್ಕೂ ಬಹಳ ಹಿಂದೆ, 1967 ಮತ್ತು 1968ರಲ್ಲಿ, ಸ್ಟಾರ್ ಟ್ರೆಕ್ ಟಿವಿ ಸರಣಿ ನಿಂತುಹೋಗುತ್ತದೆ ಅಂದಾಗ ಅಮೆರಿಕದ ಅಭಿಮಾನಿಗಳು ರಾಶಿ ರಾಶಿ ಕಾಗದ ಬರೆದು ಮೂರನೇ ವರ್ಷ ಮುಂದುವರಿಯುವ ಹಾಗೆ ಮಾಡಿದ್ದರು.

2017ರ ಜಸ್ಟಿಸ್ ಲೀಗ್ ಸಿನಿಮಾದ್ದು ಬೇರೆ ಕಥೆ. ಮಗಳನ್ನು ಕಳೆದುಕೊಂಡ ನಿರ್ದೇಶಕ ಜಾಕ್ ಸ್ನೈಡರ್ ಅರ್ಧಕ್ಕೆ ಬಿಟ್ಟು ಹೋದರು, ಬೇರೆಯವರು ಮುಗಿಸಿದರು. ಸ್ನೈಡರ್ ಅವರ ಮೂಲ ಸಿನಿಮಾ ಬೇಕು ಅಂತ ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದು, 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಸಿನಿಮಾ ತರಿಸಿದರು. ಆ ಹೋರಾಟದಲ್ಲಿ ಕೆಲವರು ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಹಣ ಕೂಡಿಸಿ ಕೊಟ್ಟರು, ಇನ್ನು ಕೆಲವರು ಕಂಡವರನ್ನೆಲ್ಲ ಆನ್‌ಲೈನಿನಲ್ಲಿ ಕಾಡಿದರು. ನಾವು ಯಾವ ಕಡೆ ನಿಲ್ಲಬೇಕು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಬರೆಯುವಾಗ ಒಂದು ಪುಟ ಸಾಕು. ನೀವು ಮೊದಲ ದಿನ ಬರೆದ ಆ ಒಂದು ವಾಕ್ಯದಿಂದ ಶುರು ಮಾಡಿ. ಯಾವುದಕ್ಕೆ ಮತ್ತೆ ದುಡ್ಡು ಕೊಟ್ಟು ಬರುತ್ತೀರಿ ಅನ್ನುವುದನ್ನು ಹೇಳಿ. ಯಾವ ಊರಿನವರು ಅಂತಲೂ ಹೇಳಿ. ಕರ್ನಾಟಕದ ನಡುವಿನ ಒಂದು ಊರಿನಲ್ಲೂ ತಮ್ಮ ಸಿನಿಮಾವನ್ನು ಇಷ್ಟು ಹಚ್ಚಿಕೊಂಡವರಿದ್ದಾರೆ ಅಂತ ಅವರಿಗೆ ಗೊತ್ತಾಗಲಿ. ಆದರೆ ಕಥೆ ಹೀಗಿರಲಿ ಅಂತ ನಿಮ್ಮ ಕಥೆ ಬರೆದು ಕಳಿಸಬೇಡಿ. ಮುಂದೆ ನಮ್ಮ ಕಥೆ ಕದ್ದರು ಅಂತ ಯಾರಾದರೂ ಕೋರ್ಟಿಗೆ ಹೋಗುತ್ತಾರೆ ಅನ್ನುವ ಭಯಕ್ಕೆ ದೊಡ್ಡ ಸ್ಟುಡಿಯೋಗಳು ಹೊರಗಿನಿಂದ ಬಂದ ಕಥೆಗಳನ್ನು ಓದುವುದಿಲ್ಲ. ನಿಮ್ಮ ಕಾಗದದಲ್ಲಿ ಕಥೆ ಕಂಡರೆ ಪೂರ್ತಿ ಕಾಗದವೇ ಪಕ್ಕಕ್ಕೆ ಹೋಗುತ್ತದೆ.

ಇಷ್ಟೆಲ್ಲಾ ಮಾಡಿದರೂ ಅವರು ಕೇಳದೆ ಇರಬಹುದು. ಅದಕ್ಕೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಹಳೆಯದನ್ನು ನಿಮ್ಮ ಕೈಯಲ್ಲಿ ಉಳಿಸಿಕೊಳ್ಳುವುದು. ಫೋನಿನಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ ಅಂತ ನಂಬಬೇಡಿ. ಇವತ್ತು ಇದ್ದದ್ದು ನಾಳೆ ಇರುವುದಿಲ್ಲ, ಇದ್ದರೂ ಅದೇ ಇರುವುದಿಲ್ಲ. ಸ್ಟಾರ್ ವಾರ್ಸ್‌ನ ಮೊದಲ ಸಿನಿಮಾ 1977ರದ್ದು. 1997ರಲ್ಲಿ ಅದಕ್ಕೆ ಹೊಸ ದೃಶ್ಯ, ಹೊಸ ಗ್ರಾಫಿಕ್ಸ್ ಸೇರಿಸಿದರು, ಆಮೇಲೆ ಜನರ ಕೈಗೆ ಸುಲಭವಾಗಿ ಸಿಕ್ಕಿದ್ದೆಲ್ಲ ತಿದ್ದಿದ ಪ್ರತಿಯೇ. ನಮ್ಮ ಎರಡನೇ ಟರ್ಮಿನೇಟರ್‌ಗೂ ಹೀಗಾಗಿದೆ. 2017ರಲ್ಲಿ ಬಂದ 4ಕೆ ಡಿಸ್ಕ್‌ನಲ್ಲಿ ಫಿಲ್ಮಿನ ಸಣ್ಣ ಕಾಳುಗಳನ್ನು ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ತೆಗೆದಿದ್ದಾರೆ, ಮುಖಗಳು ಮೇಣದ ಹಾಗೆ ಕಾಣುತ್ತವೆ ಅಂತ ಅಭಿಮಾನಿಗಳು ದೂರಿದರು. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತ ತಿಳಿಯಬೇಡಿ.

ಡಿಸ್ಕ್ ಕೊಳ್ಳುವಾಗ ಹಿಂದಿನ ಕವರ್‌ನಲ್ಲಿ ನಿಮಿಷ ನೋಡಿ. ಎರಡನೇ ಭಾಗದ ಥಿಯೇಟರ್ ಪ್ರತಿ 137 ನಿಮಿಷ. 150 ದಾಟಿದ್ದರೆ ಅದು ಉದ್ದನೆಯ ವಿಶೇಷ ಪ್ರತಿ. ಅದರಲ್ಲಿ ಯಂತ್ರದ ತಲೆಯಿಂದ ಚಿಪ್ ತೆಗೆಯುವ ಒಳ್ಳೆಯ ದೃಶ್ಯವಿದೆ, ಹುಡುಗ ಮೊದಲ ಸಲ ಅಮ್ಮನಿಗೆ ಎದುರು ನಿಲ್ಲುವುದು ಅಲ್ಲೇ. ಆದರೆ ಮೊದಲ ಸಲ ನೋಡುವವರಿಗೆ 137 ನಿಮಿಷದ್ದನ್ನೇ ತೋರಿಸಿ. ನನ್ನ ಡಿವಿಡಿ ಸಿಕ್ಕಿದ್ದು ಮುಚ್ಚುತ್ತಿದ್ದ ಒಂದು ಹಳೆ ಸಿಡಿ ಅಂಗಡಿಯಲ್ಲಿ. ನಮ್ಮ ಊರುಗಳಲ್ಲಿ ಇಂಥ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಇನ್ನೂ ಪೆಟ್ಟಿಗೆಗಟ್ಟಲೆ ಇರಬಹುದು, ಕೇಳಿ ನೋಡಿ. ಪ್ಲೇಯರ್ ಒಂದನ್ನು ಸರಿಯಾಗಿ ಇಟ್ಟುಕೊಳ್ಳಿ, ಡಿಸ್ಕ್ ಇದ್ದು ಪ್ಲೇಯರ್ ಇಲ್ಲದವರು ಬಹಳ ಜನ.

ಆಮೇಲೆ ಸರಣಿ ಎಲ್ಲಿಗೆ ಮುಗಿಯುತ್ತದೆ ಅಂತ ನೀವೇ ತೀರ್ಮಾನಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಅವರು ಹಿಂದಿನ ಸಿನಿಮಾಗಳು ನಡೆದೇ ಇಲ್ಲ ಅನ್ನಬಹುದಾದರೆ ನಾವೂ ಅನ್ನಬಹುದು. ನಮ್ಮ ಮನೆಯಲ್ಲಿ ಟರ್ಮಿನೇಟರ್ 1991ಕ್ಕೆ ಮುಗಿದಿದೆ. ಆದರೆ ನಿಮ್ಮ ತೀರ್ಮಾನವನ್ನು ಇನ್ನೊಬ್ಬರ ಮೇಲೆ ಹೇರಬೇಡಿ, ಅದರಲ್ಲೂ ಮಕ್ಕಳ ಮೇಲೆ. ನನ್ನ ಮಗಳು ಗೆಳತಿಯ ಮನೆಯಲ್ಲಿ ಮೊದಲು ನೋಡಿದ್ದೇ ಡಾರ್ಕ್ ಫೇಟ್. ಅದರಲ್ಲಿ ಮೆಕೆಂಜಿ ಡೇವಿಸ್ ಮಾಡಿರುವ ಗ್ರೇಸ್ ಪಾತ್ರ ಅವಳಿಗೆ ಪ್ರಾಣ. ಒಬ್ಬ ಹೆಂಗಸು ಅಷ್ಟು ಗಟ್ಟಿಯಾಗಿ ನಿಂತು ಇನ್ನೊಬ್ಬಳನ್ನು ಕಾಯುವುದನ್ನು ಅವಳು ಅದೇ ಮೊದಲು ನೋಡಿದ್ದು. ನನಗೆ ಬಾಯಿ ತುದಿಗೆ ಬಂದಿತ್ತು, ಅದು ಎಷ್ಟು ದೊಡ್ಡ ಮೋಸ ಗೊತ್ತಾ ಅಂತ. ಹೇಳಲಿಲ್ಲ. ನನಗೆ ಆ ಯಂತ್ರ ಕೊಟ್ಟದ್ದನ್ನು ಅವಳಿಗೆ ಗ್ರೇಸ್ ಕೊಟ್ಟಿದ್ದಾಳೆ, ಅದನ್ನು ನಾನು ಕಿತ್ತುಕೊಂಡರೆ ಸ್ಟುಡಿಯೋ ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದ ಹಾಗೆ.

ಹೋದ ದಸರಾ ರಜೆಯಲ್ಲಿ ಅವಳಿಗೆ ಎರಡನೇ ಭಾಗ ತೋರಿಸಿದೆ. ಅಪ್ಪನೂ ಬಂದು ಹಿಂದೆ ಕುರ್ಚಿಯಲ್ಲಿ ಕೂತರು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿದೆ, ಅವರಿಗೆ ಈಗ ಕಿವಿ ಸ್ವಲ್ಪ ಮಂದ. ಕೊನೆಯಲ್ಲಿ ಯಂತ್ರ ಕಾದ ಕಬ್ಬಿಣದ ಮೇಲೆ ಸರಪಳಿ ಹಿಡಿದು ನಿಂತು, ಇಳಿಸುವ ಸ್ವಿಚ್ಚನ್ನು ಸಾರಾಳ ಕೈಗೆ ಕೊಡುತ್ತದೆ. ಅದು ತಾನೇ ಒತ್ತಿಕೊಳ್ಳಬಹುದಿತ್ತಲ್ಲ ಅಂತ ಮಗಳು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಹೇಳಿದರು, "ಮಿಷಿನ್ ತನ್ನ ತಾನೇ ನಿಲ್ಲಿಸ್ಕೊಳ್ಳಾಕ ಆಗಲ್ಲವ್ವ. ಸ್ವಿಚ್ ಹತ್ರ ಒಬ್ರು ನಿಂತಿರ್ಬೇಕು. ನಮ್ ಪಾಳಿಲೂ ಹಂಗೇ ಇತ್ತು."

ಸಿನಿಮಾ ಮುಗಿಯಿತು. ಮುಂದಿನ ಪಾರ್ಟ್ ಐತೇನು ಅಂತ ಅಪ್ಪ ಕೇಳಿದರು. ನಾನು ಡಿಸ್ಕ್ ತೆಗೆದು ಕವರ್‌ಗೆ ಹಾಕುತ್ತಾ ಇಲ್ಲ ಅಂದೆ. ಮಗಳು ನನ್ನ ಮುಖ ನೋಡಿದಳು, ಆಮೇಲೆ ಅವರ ಕಡೆ ತಿರುಗಿ, "ಇಲ್ಲ ತಾತ, ಇಷ್ಟೇ" ಅಂದಳು.